ಅಕ್ಕ ಹೊಲಿದ ಪಟ್ಟಿ

ನಮ್ಮಕ್ಕ ಹೆದರುಪುಕ್ಕಲಿ. ಬೆನ್ನ ಹಿಂದೆ ಆಡುವ ಮಾತಲ್ಲ ಇದು. ಎದುರಿಗೇ ಎಷ್ಟೋ ಸಲ ಅಂದಿದ್ದೇನೆ, ಅವಳೂ ಹೂಂಗುಟ್ಟಿದ್ದಾಳೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಬಸ್ ಹತ್ತಿದ ಮೇಲೂ ಇಳಿದು ಮನೆಗೆ ಓಡಿದವಳು. ಲಿಫ್ಟ್ ಹತ್ತುವುದಿಲ್ಲ. ಯಾರಾದರೂ ಹೊತ್ತಿಗೆ ಸರಿಯಾಗಿ ಮನೆಗೆ ಬರದಿದ್ದರೆ ಸಾಕು, ಆಸ್ಪತ್ರೆಯ ಮಂಚದಿಂದ ಹಿಡಿದು ಅಳುವ ನೆಂಟರವರೆಗೆ ಎಲ್ಲವನ್ನೂ ಕಣ್ಣ ಮುಂದೆ ತಂದುಕೊಂಡು ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಾಳೆ. ಅವಳು ಹಿಡಿಯುವ ಜಾಗದಲ್ಲಿ ಸರಳಿನ ಬಣ್ಣ ಎಂದೋ ಹೋಗಿದೆ.

ಅವಳು ಹೊಲಿಗೆ ಕಲಿತದ್ದೂ ಹೆದರಿಕೆಯಿಂದಲೇ. ಚಿಕ್ಕವರಿದ್ದಾಗ ನನ್ನನ್ನು ರಸ್ತೆ ದಾಟಿಸುವ ಕೆಲಸ ಅವಳದು. ಕೈ ಹಿಡಿದರೆ ಬೆವರಿಗೆ ಜಾರಿಹೋಗುತ್ತೇನೆ ಅಂತ ನನ್ನ ಫ್ರಾಕಿನ ಅಂಚನ್ನೇ ಮುಷ್ಟಿಯಲ್ಲಿ ಸುತ್ತಿ ಹಿಡಿಯುತ್ತಿದ್ದಳು. ನಾನು ಸುಮ್ಮನೆ ಬರುವ ಪೈಕಿ ಅಲ್ಲ, ಎಳೆದಾಡುತ್ತಿದ್ದೆ. ಫ್ರಾಕು ಪರ್ ಅಂತ ಹರಿಯುತ್ತಿತ್ತು. ಅಮ್ಮನಿಗೆ ಗೊತ್ತಾಗುವ ಮೊದಲು ಕೂತು ಹೊಲಿದು, ಹೊಲಿದು, ಹತ್ತು ವರ್ಷ ತುಂಬುವಷ್ಟರಲ್ಲಿ ದರ್ಜಿಗಳು ನಾಚುವ ಹಾಗೆ ಹೊಲಿಯುತ್ತಿದ್ದಳು. ಆಮೇಲೆ ಮದುವೆಯಾದದ್ದು ಲಾರಿ ಓಡಿಸುವವರನ್ನು. ಹೆದರುವವರಿಗೆ ದೇವರು ಇಂಥ ತಮಾಷೆಯನ್ನೇ ಮಾಡುತ್ತಾನೆ. ಭಾವ ದೂರದೂರಿಗೆ ಹೊರಟಾಗಲೆಲ್ಲ ಅಕ್ಕ ಅವರ ಅಂಗಿಯ ಅಷ್ಟೂ ಗುಂಡಿಗಳನ್ನು ಬಿಚ್ಚಿ ಹೊಸದಾಗಿ ಬಿಗಿದು ಹೊಲಿಯುತ್ತಿದ್ದಳು. ಗುಂಡಿ ಗಟ್ಟಿಯಿದ್ದರೆ ಗಂಡಸು ಇಡಿಯಾಗಿ ಮನೆಗೆ ಬರುತ್ತಾನೆ ಅನ್ನುವುದು ಅವಳ ಲೆಕ್ಕ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಅದರ ಗುಂಡಿ ಬಿದ್ದದ್ದನ್ನು ನಾನು ನೋಡಿಲ್ಲ.

ಈಗ ಭಾವ ಲಾರಿ ಬಿಟ್ಟು ಟಿವಿ ಮುಂದೆ ಕೂತಿದ್ದಾರೆ. ಅಕ್ಕ, ನಾನು ಇಬ್ಬರೂ ಚೀಲದ ಅಂಗಡಿಯಲ್ಲಿ ಕೆಲಸಕ್ಕಿದ್ದೇವೆ. ಶಾಲೆಯ ಚೀಲ, ಸೂಟ್‌ಕೇಸು, ಡೇರೆ, ಬೆನ್ನಿಗೆ ಹಾಕುವ ದೊಡ್ಡ ಚೀಲ, ಎಲ್ಲದರ ರಿಪೇರಿ. ನಾನು ಕತ್ತರಿಸುವವಳು, ಅಕ್ಕ ಹೊಲಿಯುವವಳು. ಬೀದಿಗೆ ಮುಖ ಮಾಡಿದ ಗಾಜಿನ ಹಿಂದೆ ಅವಳ ಮಿಷನ್ನು. ಅದರ ಮೇಲೆ ತೊಲೆಯಿಂದ ಇಳಿಬಿಟ್ಟ ಒಂದು ಕಬ್ಬಿಣದ ಕೊಕ್ಕೆ. ಪಟ್ಟಿ ಹೊಲಿದ ಚೀಲ ಯಾವುದೇ ಇರಲಿ, ಒಳಗೆ ಮರಳಿನ ಮೂಟೆ ತುರುಕಿ, ಪಟ್ಟಿಯನ್ನು ಆ ಕೊಕ್ಕೆಗೆ ಸಿಕ್ಕಿಸಿ ಒಂದು ರಾತ್ರಿ ತೂಗಿಬಿಡುತ್ತಾಳೆ. ಬೆಳಿಗ್ಗೆ ಒಂದೇ ಒಂದು ಎಳೆ ಜಗ್ಗಿದ್ದರೂ ಬಿಚ್ಚಿ ಮತ್ತೆ ಹೊಲಿಗೆ. ಗಿರಾಕಿ ಬಾಗಿಲಲ್ಲಿ ನಿಂತು ಕೂಗಾಡಿದರೂ ಅವಳು ತಲೆಯೆತ್ತುವುದಿಲ್ಲ. ಹೊಲಿಗೆಯ ಮುಂದೆ ಮಾತ್ರ ಅವಳಿಗೆ ಯಾರ ಹೆದರಿಕೆಯೂ ಇಲ್ಲ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವಳು ಪುಟ್ಟಿ. ಹೆಸರಿಗೆ ಪುಟ್ಟಿ, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು ಅಷ್ಟು ಎತ್ತರ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕ್ಕಿದ್ದಾಳೆ. ದಿನವಿಡೀ ಜನರ ಬಾಯೊಳಗೆ ಇಣುಕಿ ಇಣುಕಿ ಬೇಜಾರಾಗಿರಬೇಕು, ಒಂದು ಸಂಜೆ ಊಟದ ಮೇಜಿನ ಮೇಲೆ ನಕ್ಷೆ ಹರಡಿದಳು. ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಭಾವನ ಕನ್ನಡಕ. ಗೆಳತಿ ಒಬ್ಬಳು, ಹಿಂದೆ ಅಂಥ ಕಡೆ ನಡೆದು ಗೊತ್ತಿದ್ದ ಶಾಲೆಯ ಮೇಷ್ಟ್ರು ಒಬ್ಬರು, ಮತ್ತು ಇವಳು. ಮೂವರೂ ಐದಾರು ದಿನ ಕಾಡಿನೊಳಗೆ ನಡೆಯುವುದು. ಮಧ್ಯೆ ಊರಿಲ್ಲ, ರಸ್ತೆಯಿಲ್ಲ, ಫೋನು ಹತ್ತುವುದಿಲ್ಲ. ಊಟ, ಹಾಸಿಗೆ, ಡೇರೆ ಎಲ್ಲ ಬೆನ್ನ ಮೇಲೆ.

"ಫೋನ್ ಹತ್ತಲ್ಲ ಅಂದ್ರೆ?" ಅಂದಳು ಅಕ್ಕ.

"ಅಂದ್ರೆ ಹತ್ತಲ್ಲ ಅಮ್ಮ. ಅದಕ್ಕೇ ಹೋಗೋದು."

ಅಕ್ಕ ಕೈಯಲ್ಲಿದ್ದ ಸೌಟನ್ನು ನಕ್ಷೆಯ ಮೂರನೇ ಮೂಲೆಗೆ ಇಟ್ಟು ಕೂತಳು. ಅವಳ ಮುಖ ಸುಣ್ಣ ಬಳಿದ ಹಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಕಾಡಿನದೇ ಮಾತು. ಅಡುಗೆಮನೆಯ ತಕ್ಕಡಿಯಲ್ಲಿ ಪುಟ್ಟಿ ಒಣಹಣ್ಣು ತೂಗಿದಳು, ಸೂಪಿನ ಪುಡಿ ತೂಗಿದಳು, ಕಾಲುಚೀಲ ಕೂಡ ತೂಗಿದಳು. ಭಾರ ಕಡಿಮೆಯಾಗಲಿ ಅಂತ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕುಯ್ದು ಮೋಟು ಮಾಡಿದಳು. "ಇಷ್ಟು ಸಣ್ಣ ಭಾರಕ್ಕೆ ಹೆದರೋಳು ಕರಡಿಗೆ ಹೆದರಲ್ವಾ?" ಅಂತ ನಾನು ರೇಗಿಸಿದೆ. ಅಕ್ಕನಿಗೆ ನಗು ಬರಲಿಲ್ಲ. ಹಾವು ಕಚ್ಚಿದರೆ, ಕಾಲು ಮುರಿದರೆ, ದಾರಿ ತಪ್ಪಿದರೆ ಅಂತ ಒಂದೊಂದೇ ಕೇಳುತ್ತ ಹೋದಳು. ಪುಟ್ಟಿ ಪ್ರತಿಯೊಂದಕ್ಕೂ ಒಂದೊಂದು ಸಾಮಾನು ತೋರಿಸಿದಳು. ಗಾಯಕ್ಕೆ ಕಟ್ಟಲು ಬಟ್ಟೆ, ಊದಲು ಸೀಟಿ, ನೀರು ಸೋಸುವ ಕೊಳವೆ, ಹಗ್ಗ, ಹಣೆಗೆ ಕಟ್ಟುವ ದೀಪ. ಕೊನೆಗೆ ಅಕ್ಕ, "ಬೇಡ ಕಣೇ, ಹೋಗ್ಬೇಡ," ಅಂದುಬಿಟ್ಟಳು. ಪುಟ್ಟಿ ಸಿಟ್ಟಾಗಲಿಲ್ಲ. ಅಮ್ಮನ ಕೆನ್ನೆ ಹಿಂಡಿ, "ನೀನು ಅಪ್ಪಂಗೂ ಹೀಗೇ ಅಂತಿದ್ದೆ. ಅಪ್ಪ ಬಂದ್ರಲ್ಲ?" ಅಂತ ಎದ್ದುಹೋದಳು.

ದಾರಿಯ ವಿವರವನ್ನು ಅವಳು ಎಲ್ಲರಿಗೂ ಬಾಯಿಪಾಠ ಬರುವಷ್ಟು ಸಲ ಹೇಳಿದ್ದಳು. ಮೊದಲನೇ ದಿನ ಹೊಳೆಯ ಪಕ್ಕದ ಸಪಾಟು ದಾರಿ. ಸಂಜೆಗೆ ಅರಣ್ಯ ಕಾವಲುಗಾರರ ಮನೆ. ಅಲ್ಲಿಂದ ಮುಂದೆ ಕಾಡು ದಟ್ಟ. ಕೊನೆಕೊನೆಗೆ ಬೆಟ್ಟದ ಪಕ್ಕೆಯಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕಾದ ಅಂಚಿನ ದಾರಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಈ 'ಏನೂ ಇಲ್ಲ' ಅನ್ನುವುದನ್ನು ಅವಳು ತುಂಬ ಖುಷಿಯಿಂದ ಹೇಳುತ್ತಿದ್ದಳು.

ಹೊರಡುವ ವಾರ ಅವಳು ಚೀಲ ಹೊತ್ತು ಅಂಗಡಿಗೆ ಬಂದಳು. ಯಾರೋ ಬಳಸಿ ಬಿಟ್ಟ ಹಳೆಯ ದೊಡ್ಡ ಚೀಲ. ಮೈ ಗಟ್ಟಿಯಿತ್ತು, ಹೆಗಲ ಪಟ್ಟಿಗಳು ಸವೆದಿದ್ದವು.

"ಹೊಸ ಪಟ್ಟಿ ಹಾಕ್ಕೊಡಮ್ಮ. ನಿನ್ನ ಕೈ ಹೊಲಿಗೆ ಆದ್ರೆ ನಂಗೆ ಧೈರ್ಯ."

ಅಕ್ಕ ಚೀಲ ಇಸಿದುಕೊಂಡಳು. ಅವಳು ಅಂದು ಮಾಡಿದ ಕೆಲಸ ನನಗೆ ತಿಳಿದದ್ದು ಆಮೇಲೆ. ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕತೆ ಹೇಳುವುದು ನನ್ನ ಜಾಯಮಾನವಲ್ಲ. ನಮ್ಮ ಅಂಗಡಿಯಲ್ಲಿ ಎರಡು ಬಗೆಯ ಕಪ್ಪು ದಾರ. ಒಂದು ನೈಲಾನಿನದು, ಆನೆ ಕಟ್ಟಿದರೂ ಬಿಡುವುದಿಲ್ಲ. ಇನ್ನೊಂದು ಹತ್ತಿಯದು, ತುಂಡುಗಳನ್ನು ಒಟ್ಟಿಗೆ ಹಿಡಿದಿಡಲು ಗುರುತಿಗೆ ಹಾಕಿ ಆಮೇಲೆ ಕಿತ್ತುಬಿಡುವ ಕಚ್ಚಾ ಹೊಲಿಗೆಗೆ. ಅಕ್ಕ ಬಲಗಡೆಯ ಪಟ್ಟಿಯನ್ನು ನೈಲಾನಿನಲ್ಲಿ ಹೊಲಿದಳು. ಎಡಗಡೆಯ ಪಟ್ಟಿಯ ಬುಡಕ್ಕೆ ಹತ್ತಿ ದಾರ ಹಾಕಿದಳು. ಅದೇ ಅಚ್ಚುಕಟ್ಟಾದ ಚೌಕದ ಹೊಲಿಗೆ, ಅದರೊಳಗೆ ಅದೇ ಅಡ್ಡಗೆರೆ. ನೋಡಿದರೆ ಬ್ರಹ್ಮನಿಗೂ ತಿಳಿಯದು. ತುಂಬಿದ ಚೀಲ ಹೊತ್ತು ಅರ್ಧ ದಿನ ನಡೆದರೆ ಅದು ಬಿಟ್ಟುಕೊಳ್ಳಬೇಕು. ಹೊಳೆಯ ಪಕ್ಕದ ಸಪಾಟು ದಾರಿಯಲ್ಲಿ, ಕಾವಲುಗಾರರ ಮನೆಯ ಹತ್ತಿರ. ಹರಿದ ಚೀಲ ಹೊತ್ತು ಮುಂದೆ ಹೋಗಲಾಗದು. ಮಗಳು ಮುಖ ಊದಿಸಿಕೊಂಡು ಮನೆಗೆ ಬರುತ್ತಾಳೆ. ಬಂದರೆ ಸಾಕು. ಇಷ್ಟೇ ಅಕ್ಕನ ಉಪಾಯ.

ಆ ಚೀಲವನ್ನು ಅವಳು ಕೊಕ್ಕೆಗೆ ತೂಗಿಬಿಡಲಿಲ್ಲ. ಯಾಕೆ ಅಂತ ಕೇಳಿದೆ. "ಪುಟ್ಟಿಗೆ ಅವಸರವಂತೆ," ಅಂದಳು. ಮಗಳ ಮೇಲಿನ ಸಿಟ್ಟು ಅಂದುಕೊಂಡು ನಾನು ನನ್ನ ಕತ್ತರಿ ನೋಡಿಕೊಂಡೆ.

ಹೊರಡುವ ಹಿಂದಿನ ದಿನ ಪುಟ್ಟಿ ಚೀಲ ತುಂಬಿ ಗೆಳತಿಯ ಮನೆಗೆ ಹೋದಳು. ರಾತ್ರಿ ಅಲ್ಲೇ ಮಲಗಿ ಬೆಳಗಾಗುತ್ತಲೇ ಜೀಪಿನಲ್ಲಿ ಹೊರಡುವುದು ಅಂತ ತೀರ್ಮಾನ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಫೋನು ಬಂತು. ನಾನು ಅಕ್ಕನ ಮನೆಯಲ್ಲೇ ಬಟ್ಟೆ ಮಡಿಸುತ್ತ ಕೂತಿದ್ದೆ, ಪುಟ್ಟಿಯ ಗಂಟಲು ದೊಡ್ಡದು, ಎಲ್ಲ ಕೇಳಿಸಿತು.

"ಅಮ್ಮ, ದಾರಿ ಉಲ್ಟಾ ಆಯ್ತು! ಹೊಳೆ ಕಡೆ ಕಾಡಿನ ಗೇಟ್ ಹತ್ರ ದೊಡ್ಡ ಮರ ಬಿದ್ದಿದ್ಯಂತೆ, ಜೀಪ್ ಹೋಗಲ್ವಂತೆ. ಅರಣ್ಯದವ್ರು ಬೆಟ್ಟದ ಮೇಲಿಂದ ಶುರು ಮಾಡಿ ಅಂದಿದ್ದಾರೆ. ಮೊದಲನೇ ದಿನಾನೇ ಅಂಚಿನ ದಾರಿ! ಬ್ಯಾಟರಿ ಉಳೀಲಿ ಅಂತ ಫೋನ್ ಆಫ್ ಮಾಡ್ತಿದ್ದೀನಿ. ಇಡ್ಲಾ?"

ಅಕ್ಕ "ಹುಂ" ಅಂದಳು. ಫೋನು ಕಿವಿಯಲ್ಲೇ ಇತ್ತು, ಆ ಕಡೆಯಿಂದ ಮಾತು ನಿಂತಿತ್ತು. ನೋಡುತ್ತಿದ್ದ ಹಾಗೇ ಅವಳು ಗೋಡೆಗೆ ಒರಗಿ ನೆಲಕ್ಕೆ ಕುಸಿದಳು. ತಲೆ ಸುತ್ತಿರಬೇಕು ಅಂತ ನಾನು ನೀರು ತಂದೆ. ಅವಳು ಲೋಟ ತಳ್ಳಿ, "ನಾನು ಅವಳನ್ನ ಕೊಂದೆ ಕಣೇ," ಅಂದಳು.

ಆಮೇಲೆ ಹೇಳಿದಳು. ಹತ್ತಿ ದಾರ, ಎಡಗಡೆ ಪಟ್ಟಿ, ಎಲ್ಲ. ಬೆನ್ನ ಮೇಲೆ ಅಷ್ಟು ಭಾರ; ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ; ಒಂದು ಪಟ್ಟಿ ತಟ್ಟನೆ ಬಿಟ್ಟುಕೊಂಡರೆ ಆ ಭಾರ ಮನುಷ್ಯನನ್ನು ಯಾವ ಕಡೆಗೆ ಎಳೆಯುತ್ತದೆ ಅನ್ನುವುದಕ್ಕೆ ಹೆಚ್ಚು ಓದಬೇಕಿಲ್ಲ. ನನಗೆ ಬಂದ ಸಿಟ್ಟಿಗೆ ಬಾಯಿಗೆ ಬಂದಂತೆ ಬೈದೆ. "ಹೆದರಿಕೆ ಅಂತ ಒಂದು ಇಟ್ಕೊಂಡು ಯಾರನ್ನೂ ಬದುಕೋಕೆ ಬಿಡಬೇಡ!" ಅಂದೆ.

ಪುಟ್ಟಿಯ ಫೋನು ಆಗಲೇ ಬಂದ್ ಆಗಿತ್ತು. ಗೆಳತಿಯ ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಮನೆ ಊರಾಚೆಯ ಬಡಾವಣೆ, ಒಂದು ಸಲ ಬಸ್ಸಿನಲ್ಲಿ ಹೋಗಿದ್ದೆವು, ಗುರುತು ನೆನಪಿತ್ತು. ಆದರೆ ಆ ಕಡೆಗೆ ಕೊನೆಯ ಬಸ್ಸು ಹೋಗಿಯಾಗಿತ್ತು. ಕತ್ತಲಲ್ಲಿ ಅಷ್ಟು ದೂರಕ್ಕೆ ಆಟೋದವರೂ ಒಪ್ಪಲಿಲ್ಲ. ಬೆಳಗಿನ ಮೊದಲ ಬಸ್ಸೇ ಗತಿ. ಅದು ಸಿಗುತ್ತದೋ, ಜೀಪು ಅದಕ್ಕಿಂತ ಮೊದಲೇ ಹೊರಟುಬಿಡುತ್ತದೋ, ಯಾರಿಗೆ ಗೊತ್ತು?

ಬೆಳಕು ಹರಿಯುವ ಮೊದಲೇ ಅಕ್ಕ ನನ್ನ ಬಾಗಿಲು ಬಡಿದಳು. ಕೈಚೀಲದಲ್ಲಿ ದಬ್ಬಣ, ನೈಲಾನ್ ದಾರ, ಮೇಣದ ತುಂಡು, ಕತ್ತರಿ. ಬಸ್ಸಿನಲ್ಲಿ ಮೊದಲ ಸೀಟಿನಲ್ಲಿ ಕೂತು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪ್ರತಿ ಸ್ಟಾಪಿನಲ್ಲೂ ಯಾರಾದರೂ ನಿಧಾನವಾಗಿ ಹತ್ತಿದರೆ ಅವಳು ತಿರುಗಿ ಕಂಡಕ್ಟರನ ಮುಖ ನೋಡುತ್ತಿದ್ದಳು. ಎದುರಿಗೆ ಬಂದ ಜೀಪನ್ನೆಲ್ಲ ಎದ್ದು ನಿಂತು ನೋಡಿದಳು. ಒಂದರಲ್ಲಿ ಎತ್ತರದ ಹುಡುಗಿಯೊಬ್ಬಳು ಕಂಡಾಗ ಇಬ್ಬರಿಗೂ ಜೀವ ಬಾಯಿಗೆ ಬಂತು. ಪುಟ್ಟಿ ಅಲ್ಲ.

ಬಸ್ಸಿಳಿದು ಓಡಿದೆವು. ಅಕ್ಕ ಓಡಿದ್ದನ್ನು ನಾನು ಎಷ್ಟು ವರ್ಷದ ಮೇಲೆ ನೋಡಿದೆನೋ! ಗೆಳತಿಯ ಮನೆಯ ಗೇಟಿನ ಮುಂದೆ ಜೀಪಿನ ಎಂಜಿನ್ನು ಆಗಲೇ ಶುರುವಾಗಿತ್ತು. ಮೇಷ್ಟ್ರು ಹಗ್ಗ ಬಿಗಿಯುತ್ತಿದ್ದರು. ಪುಟ್ಟಿ ಒಂದು ಕಾಲು ಒಳಗಿಟ್ಟಿದ್ದಳು.

"ಚೀಲ ಇಳಿಸು!" ಅಂತ ಅಕ್ಕ ಕೂಗಿದಳು. ಆ ಗಂಟಲು ಅವಳಿಗೆ ಎಲ್ಲಿಂದ ಬಂತೋ.

"ಅಮ್ಮ! ಏನಾಯ್ತು? ಅಪ್ಪಂಗೇನಾದ್ರೂ..."

"ಅಪ್ಪಂಗೇನೂ ಆಗಿಲ್ಲ. ನಿನ್ನ ಚೀಲ ಇಳಿಸು. ಎಡಗಡೆ ಪಟ್ಟಿ ಹತ್ತಿ ದಾರದಲ್ಲಿ ಹೊಲಿದಿದ್ದೀನಿ. ಬೇಕೂಂತಾನೇ. ಹರೀಲಿ, ನೀನು ವಾಪಸ್ ಬಾ ಅಂತ."

ಮೇಷ್ಟ್ರು ಹಗ್ಗ ಕೈಬಿಟ್ಟರು. ಪುಟ್ಟಿ ಕೆಳಗಿಳಿದು ಚೀಲ ಎಳೆದುಕೊಂಡಳು. ಪಟ್ಟಿಯ ಬುಡವನ್ನು ಬೆರಳಿನಿಂದ ತಡವಿ ನೋಡಿದಳು, ಅಮ್ಮನ ಮುಖ ನೋಡಿದಳು.

"ನಾನು ನಿನ್ನ ಹೊಲಿಗೆ ಅಂತ ನಂಬಿ ಹೊರಟಿದ್ದೆ," ಅಂದಳು. ಅಷ್ಟೇ. ಕೂಗಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು.

ಅಕ್ಕ ಫುಟ್‌ಪಾತಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲೆ ಹಾಕಿಕೊಂಡಳು. ಹತ್ತಿ ದಾರವನ್ನು ಕತ್ತರಿಸಿ ಎಳೆದಾಗ ಅದು ಸಲೀಸಾಗಿ ಬಂದುಬಿಟ್ಟಿತು. ದಾರಕ್ಕೆ ಮೇಣ ಉಜ್ಜಿ ದಬ್ಬಣಕ್ಕೆ ಪೋಣಿಸಿದಳು. ಮಿಷನ್ನಿನಲ್ಲಿ ಹೊಲಿಯುವ ದಪ್ಪವನ್ನು ಕೈಯಲ್ಲಿ ಹೊಲಿಯುವುದು ಆಟವಲ್ಲ; ಪ್ರತಿ ಹೊಲಿಗೆಗೂ ದಬ್ಬಣವನ್ನು ಅಂಗೈಯಿಂದ ತಳ್ಳಬೇಕು. ಆದರೂ ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ಜೀಪಿನವನು ಎರಡು ಸಲ ಹಾರ್ನ್ ಮಾಡಿದ, ನಾನು ಹೋಗಿ ಅವನಿಗೆ ನಾಲ್ಕು ಮಾತು ಹೇಳಿದ ಮೇಲೆ ಸುಮ್ಮನಾದ. ಚೌಕ ಮುಗಿಯಿತು, ಅಡ್ಡಗೆರೆಗಳು ಮುಗಿದವು, ಅದರ ಮೇಲೆ ಇನ್ನೊಂದು ಚೌಕ. ಹೊಲಿಯುತ್ತ ಅವಳು ಅಳುತ್ತಿದ್ದಳು. ಮಗಳನ್ನು ಕಾಡಿಗೆ ಕಳಿಸುವ ಪಟ್ಟಿಯನ್ನು ತಾನೇ ಗಟ್ಟಿ ಮಾಡಬೇಕು, ಗಟ್ಟಿ ಮಾಡದೆ ವಿಧಿಯಿಲ್ಲ.

ದಾರ ಕಡಿದಾಗ ಪುಟ್ಟಿ ಹೇಳಿದಳು: "ತೂಗಿಸು."

ಅಲ್ಲಿ ಕೊಕ್ಕೆಯೆಲ್ಲಿ, ಮರಳೆಲ್ಲಿ? ಅಕ್ಕ ಸುತ್ತ ನೋಡಿದಳು. ಜೀಪಿನ ಮೇಲಿನ ಸಾಮಾನು ಕಟ್ಟುವ ಕಂಬಿಯ ತುದಿ ಹೊರಗೆ ಚಾಚಿತ್ತು. ಎಡಗಡೆಯ ಪಟ್ಟಿಯನ್ನು ಅದಕ್ಕೆ ಸಿಕ್ಕಿಸಿದಳು. ತುಂಬಿದ ಚೀಲ ತೂಗಾಡಿತು. ಅದು ಸಾಲದು ಅಂತ ಅವಳಿಗೆ ಅನಿಸಿರಬೇಕು. ಎರಡೂ ತೋಳಿನಲ್ಲಿ ಚೀಲವನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ, ಕಾಲು ಎತ್ತಿಬಿಟ್ಟಳು. ಲಿಫ್ಟ್ ಹತ್ತಲು ಹೆದರುವ ನಮ್ಮಕ್ಕ ಬೆಳಗಿನ ಬೀದಿಯಲ್ಲಿ ಜೀಪಿಗೆ ಜೋತುಬಿದ್ದಿದ್ದಳು. ಒಂದು ಚಪ್ಪಲಿ ಕಳಚಿ ಬಿತ್ತು. ಇಡೀ ಜೀಪು ಒಂದು ಕಡೆಗೆ ವಾಲಿತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆಗ ನಾನು ನೋಡುತ್ತಿದ್ದುದು ಹೊಲಿಗೆಯನ್ನು. ಒಂದು ಎಳೆಯೂ ಜಗ್ಗಲಿಲ್ಲ.

ಪುಟ್ಟಿ ಅಮ್ಮನ ಸೊಂಟ ಹಿಡಿದು ಕೆಳಗಿಳಿಸಿದಳು. "ಇನ್ನೆಲ್ಲಾದ್ರೂ ಹೀಗೆ ಮಾಡಿದ್ದೀಯಾ?"

"ಇಲ್ಲ. ನಿನ್ನಾಣೆ ಇಲ್ಲ."

ಆದರೂ ಅವಳು ಚೀಲದ ಒಂದೊಂದು ಹೊಲಿಗೆಯನ್ನೂ ಅಮ್ಮನೆದುರಿಗೇ ಜಗ್ಗಿ ಜಗ್ಗಿ ನೋಡಿದಳು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಜೀಪು ಹೊರಟಿತು. ಪುಟ್ಟಿ ನನಗೆ ಕೈ ಬೀಸಿದಳು, ಅಮ್ಮನ ಕಡೆ ತಿರುಗಲಿಲ್ಲ.

ಆಮೇಲಿನ ದಿನಗಳೆಲ್ಲ ಒಂದೇ ಥರ. ಅಕ್ಕ ಅಂಗಡಿಗೆ ಬಂದಳು, ಹೊಲಿದಳು, ಮನೆಗೆ ಹೋದಳು, ಕಿಟಕಿಯ ಸರಳು ಹಿಡಿದಳು. ಕೈ ಹೊಲಿಗೆ ಒದ್ದೆಯಾದರೆ ಏನಾಗುತ್ತದೆ, ಬಂಡೆಗೆ ಉಜ್ಜಿದರೆ ಏನಾಗುತ್ತದೆ ಅಂತ ನನ್ನನ್ನೇ ಕೇಳುತ್ತಿದ್ದಳು, ನನಗಿಂತ ಚೆನ್ನಾಗಿ ಗೊತ್ತಿದ್ದವಳು. ಊಟದ ತಟ್ಟೆಯ ಮುಂದೆ ಕೂತು ತುತ್ತು ಮರೆಯುತ್ತಿದ್ದಳು. ನನಗೂ ಹೆದರಿಕೆ ಹತ್ತಿತು. ಅವಳ ಹೆದರಿಕೆ ನೆಗಡಿಯ ಹಾಗೆ ಮನೆಯವರಿಗೆಲ್ಲ ಅಂಟಿತು. ಎಂದೂ ಬಾಯಿಬಿಡದ ಭಾವ ಒಂದು ಸಂಜೆ ಟಿವಿ ಆರಿಸಿ ಅವಳ ಪಕ್ಕ ಬಂದು ನಿಂತು, "ನೀನು ಹೊಲಿದ ಗುಂಡಿ ಒಂದೂ ಬಿದ್ದಿಲ್ಲ ಕಣೇ," ಅಂದರು. ಅಷ್ಟು ವರ್ಷ ಆ ಗುಂಡಿಗಳ ವಿಷಯ ಅವರಿಗೆ ಗೊತ್ತಿತ್ತು ಅಂತ ಅಕ್ಕನಿಗೆ ತಿಳಿದದ್ದೇ ಆವತ್ತು.

ಬರುತ್ತೇವೆ ಅಂದ ದಿನ ಫೋನು ಬರಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಮಾರನೇ ದಿನ ಅಂಗಡಿಯಲ್ಲಿ ಅಕ್ಕ ಮಿಷನ್ನಿನ ಮುಂದೆ ಕೂತಿದ್ದಳು, ಕಾಲು ಪೆಡಲಿನ ಮೇಲಿತ್ತು, ಮಿಷನ್ನು ಓಡುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರೂ ಇರಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು. ಹಾಗಿರುವಾಗಲೇ ಗಾಜಿನಾಚೆ ಬೀದಿ ದಾಟಿ ಬರುತ್ತಿದ್ದ ಎತ್ತರದ ಆಕೃತಿ ಕಂಡಿತು. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಬೂಟಿನ ತುಂಬ ಕೆಸರು. ಹೊಳೆ ತುಂಬಿ ಒಂದು ದಿನ ಆಚೆ ದಡದಲ್ಲೇ ಕಾಯಬೇಕಾಯಿತಂತೆ, ಫೋನು ನೀರಿಗೆ ಬಿತ್ತಂತೆ.

ಅಕ್ಕ ಏಳಲು ಹೋದಳು. ಪುಟ್ಟಿ ಒಳಗೆ ಬಂದು ಚೀಲವನ್ನು ನನ್ನ ಮುಂದಿನ ಮೇಜಿನ ಮೇಲೆ ಇಟ್ಟಳು.

"ಚಿಕ್ಕಮ್ಮ, ಪಕ್ಕದ ಜೇಬು ಹರಿದಿದೆ. ಸೊಂಟದ ಪಟ್ಟಿಯೂ ಕಿತ್ತಿದೆ. ನೀನೇ ಹೊಲಿದುಕೊಡು."

ಅಕ್ಕನಿಂದ ಎರಡು ಮೊಳ ದೂರ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು, ಹೊಡೆತ ತಿಂದವಳ ಹಾಗೆ ಕೂತುಬಿಟ್ಟಳು.

ನನಗೆ ತಡೆಯಲಾಗಲಿಲ್ಲ. "ನಾನು ಕತ್ತರಿಸೋಳು. ಹೊಲಿಯೋರು ಅಲ್ಲಿ ಕೂತಿದ್ದಾರೆ, ಕಣ್ಣು ಕಾಣ್ಸುತ್ತಲ್ಲ? ಕೊಟ್ರೆ ಅಲ್ಲಿ ಕೊಡು, ಇಲ್ದಿದ್ರೆ ಬೇರೆ ಅಂಗಡಿ ನೋಡ್ಕೋ," ಅಂದು ಚೀಲವನ್ನು ಪುಟ್ಟಿಯ ಕಡೆಗೇ ತಳ್ಳಿದೆ.

ಪುಟ್ಟಿ ಚೀಲ ಹಿಡಿದುಕೊಂಡಳು. ಎಡಗಡೆಯ ಪಟ್ಟಿಯ ಬುಡದಲ್ಲಿ ಆ ಎರಡು ಚೌಕಗಳು ಕೆಸರು ಹತ್ತಿ ಕಂದಾಗಿದ್ದವು, ಹೊಲಿದ ಹಾಗೇ ಇದ್ದವು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಚೀಲವನ್ನು ಎತ್ತಿ ಅಮ್ಮನ ತೊಡೆಯ ಮೇಲೆ ಇಟ್ಟಳು.

"ಹೊಲಿ. ಆದ ಮೇಲೆ ನಾನೇ ತೂಗಿಸಿ ನೋಡ್ತೀನಿ."

"ನೋಡು," ಅಂದಳು ಅಕ್ಕ. ಅವಳು ನೈಲಾನ್ ದಾರದ ರೀಲನ್ನು ಮಗಳ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದು, ಮಿಷನ್ನಿಗೆ ಹಾಕಿದಳು. ಪುಟ್ಟಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತು ಸೂಜಿಯನ್ನೇ ನೋಡುತ್ತಿದ್ದಳು. ಕೆಸರಿನ, ಹೊಗೆಯ, ಕಾಡಿನ ವಾಸನೆ ಅಂಗಡಿಯ ತುಂಬ ಹರಡಿತ್ತು.

ಸೊಂಟದ ಪಟ್ಟಿ ಅರ್ಧ ಆದಾಗ ಅಕ್ಕ ತಲೆಯೆತ್ತದೆ ಕೇಳಿದಳು.

"ಮುಂದಿನ ಸಲ ಎಲ್ಲಿಗೆ?"

"ಇನ್ನೂ ದೂರ," ಅಂದಳು ಪುಟ್ಟಿ. "ಹೇಳ್ತೀನಿ ಇರು, ನಕ್ಷೆ ತಂದು ತೋರಿಸ್ತೀನಿ."

ಅಕ್ಕನ ಕಾಲು ಪೆಡಲಿನ ಮೇಲೆ ನಿಂತಿತು. ಆಮೇಲೆ ಅವಳು ಚೀಲವನ್ನು ತಿರುಗಿಸಿ, ಸೊಂಟದ ಪಟ್ಟಿಗೆ ಆಗಲೇ ಮುಗಿಸಿದ್ದ ಚೌಕದ ಮೇಲೆ ಇನ್ನೊಂದು ಸುತ್ತು ಹೊಲಿದಳು.